ಈ ಕೈಪಿಡಿಯನ್ನು ಎಸೆಯಬೇಡಿ



ಮಿಕ್ಸಿ ಕೊಂಡಾಗ ಡಬ್ಬದ ತಳದಲ್ಲಿ ಒಂದು ಪುಸ್ತಕ ಸಿಗುತ್ತದೆ. ಅದನ್ನು ಯಾರೂ ಓದುವುದಿಲ್ಲ. ಜಾರು ಕೂರದೆ ಹಟ ಹಿಡಿದಾಗ, ಮೋಟಾರು ಸುಟ್ಟ ವಾಸನೆ ಬಂದಾಗ ಅದರ ನೆನಪಾಗುತ್ತದೆ. ಅಷ್ಟರಲ್ಲಿ ಅದು ಹಳೇ ಪೇಪರಿನವನ ತಕ್ಕಡಿ ಏರಿ ಹೋಗಿರುತ್ತದೆ. ಈ ಕೈಪಿಡಿಗೆ ಆ ಗತಿ ಬಾರದಿರಲಿ ಎಂದು ತಲೆಬರಹದಲ್ಲೇ ಕೈಮುಗಿದಿದ್ದೇನೆ. ಕಾರಣ ಕೊನೆಯ ಪುಟದಲ್ಲಿದೆ. ಕೊನೆಯ ಪುಟವನ್ನು ಮೊದಲು ಓದುವ ಚಟ ಇರುವವರಿಗೆ ಖಾತರಿ ಅನ್ವಯಿಸುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಯೆಹೂದಿ ಚಿತ್ರೋತ್ಸವವನ್ನು ಆಯ್ದುಕೊಂಡದ್ದಕ್ಕೆ ಅಭಿನಂದನೆಗಳು. ನಿಜ ಹೇಳಬೇಕೆಂದರೆ ನಾನು ಆಯ್ದುಕೊಂಡದ್ದಲ್ಲ. ಪಕ್ಕದ ಮನೆಯ ಹಿರಿಯ ಯೆಹೂದಿ ದಂಪತಿ, ಮಂಡಿ ನೋವು ಜಾಸ್ತಿಯಾಯಿತೆಂದು, ತಮ್ಮ ಎರಡು ಟಿಕೆಟ್ಟುಗಳನ್ನು ನಮ್ಮ ಕೈಗಿಟ್ಟರು. ನನ್ನ ಗಂಡನಿಗೆ ಆಫೀಸಿನ ಫೋನು ಬಿಡಲಿಲ್ಲ. ಆರು ತಿಂಗಳಿಗೆಂದು ಸಾಗರದಿಂದ ಬಂದಿದ್ದ ಅತ್ತೆ, "ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಯಾರದೋ ಸಿನಿಮಾ ನೋಡೋದು ವಾಸಿ, ನಡಿಯೇ" ಎಂದು ಚಪ್ಪಲಿ ಮೆಟ್ಟಿದರು. ಅಂದು ನಾವಿಬ್ಬರೂ ಮಾಡಿದ ತಪ್ಪುಗಳನ್ನು ನೀವು ಮಾಡದಿರಲೆಂದು ಈ ಸೂಚನೆಗಳು.

1. ಉತ್ಪನ್ನದ ಪರಿಚಯ

ತಯಾರಾದ ವರ್ಷ: 1980. ತಯಾರಾದ ಸ್ಥಳ: ಮಿಷನ್ ಬಡಾವಣೆಯ ರಾಕ್ಸಿ ಎಂಬ ಸಣ್ಣ ಚಿತ್ರಮಂದಿರ. ತಯಾರಕರು: ಡೆಬೊರಾ ಕಾಫ್‌ಮನ್. ಯೆಹೂದಿಗಳ ಬದುಕಿನ ಸಿನಿಮಾಗಳಿಗೆಂದೇ ಮೀಸಲಾದ ಉತ್ಸವಗಳಲ್ಲಿ ಇದೇ ಮೊದಲನೆಯದು. ಈಗ ಹಲವು ದೇಶಗಳ ಹತ್ತಾರು ಊರುಗಳಲ್ಲಿ ಇದರ ತಂಗಿಯರಿದ್ದಾರೆ. 1990ರಲ್ಲಿ, ಸೋವಿಯತ್ ಒಕ್ಕೂಟಕ್ಕೆ ಇನ್ನೂ ಉಸಿರಿದ್ದಾಗಲೇ, ಈ ಉತ್ಸವ ಡಬ್ಬಗಳನ್ನು ಹೊತ್ತು ಮಾಸ್ಕೋಗೂ ಹೋಗಿ ಬಂತು.

ಹಾಲಿವುಡ್ಡನ್ನು ಕಟ್ಟಿದವರೇ ಯೆಹೂದಿಗಳಲ್ಲವೇ, ಅವರಿಗೆ ಬೇರೆ ಉತ್ಸವ ಯಾಕೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ವಾರ್ನರ್ ಸಹೋದರರು, ಲೂಯಿ ಮೇಯರ್, ಅಡಾಲ್ಫ್ ಝುಕರ್ ಮುಂತಾದವರು ದೊಡ್ಡ ದೊಡ್ಡ ಸ್ಟುಡಿಯೋ ಕಟ್ಟಿದರು. ಆದರೆ ತೆರೆಯ ಮೇಲೆ ತಮ್ಮವರನ್ನು ತೋರಿಸಲು ಮಾತ್ರ ಹಿಂಜರಿದರು. ಇಸ್ಸುರ್ ಡ್ಯಾನಿಯೆಲೊವಿಚ್ ಎಂಬ ಹುಡುಗ ಕರ್ಕ್ ಡಗ್ಲಸ್ ಆಗಿಯೇ ನಾಯಕನಾಗಬೇಕಿತ್ತು. ಅಡುಗೆಮನೆ ತಮ್ಮದೇ, ಆದರೆ ಬಡಿಸುವ ಎಲೆಯಲ್ಲಿ ಮನೆಯ ಅಡುಗೆ ಇಲ್ಲ. ಆ ಎಲೆ ಹಾಕಲೆಂದು ಹುಟ್ಟಿದ್ದು ಈ ಉತ್ಸವ.

2. ಡಬ್ಬದಲ್ಲಿ ಏನೇನಿದೆ

ಡಬ್ಬ ತೆರೆದ ಕೂಡಲೇ ಈ ಕೆಳಗಿನವು ಇವೆಯೇ ಎಂದು ಪರೀಕ್ಷಿಸಿ:

ಅ) ಯಿದ್ದಿಷ್ ಭಾಷೆಯ ಹಳೆಯ ಕಪ್ಪು-ಬಿಳುಪು ಚಿತ್ರ.
ಆ) ಮೂಕಿ ಚಿತ್ರ, ಪಕ್ಕದಲ್ಲಿ ಕೂತು ಪಿಟೀಲು ನುಡಿಸುವವರ ಸಮೇತ.
ಇ) ಅಜ್ಜಿಯ ಟ್ರಂಕಿನಲ್ಲಿ ಕಾಗದಗಳ ಕಟ್ಟು ಸಿಕ್ಕ ಮೊಮ್ಮಗಳು ಕ್ಯಾಮೆರಾ ಹಿಡಿದು ಯುರೋಪಿಗೆ ಹೊರಡುವ ಸಾಕ್ಷ್ಯಚಿತ್ರ. ಪ್ರತಿ ಡಬ್ಬದಲ್ಲೂ ಕನಿಷ್ಠ ಒಂದು ಇದ್ದೇ ಇರುತ್ತದೆ.
ಈ) ಇಸ್ರೇಲಿನ ಮನೆಜಗಳ.
ಉ) ಇಸ್ರೇಲಿನ ಮನೆಯಾಚೆಯ ಜಗಳ. (ಸೂಚನೆ 7 ನೋಡಿ.)
ಊ) ತಾಯಿ. ಯಾವ ಬಗೆಯ ಚಿತ್ರವಾದರೂ ಸರಿ, ಮಗ ಊಟ ಮಾಡಲಿಲ್ಲವೆಂದು ಕೊರಗುವ ತಾಯಿ ಉಚಿತ.

ಇವುಗಳಲ್ಲಿ ಯಾವುದಾದರೂ ಕಡಿಮೆ ಬಿದ್ದಿದ್ದರೆ ಮಾರಾಟಗಾರರನ್ನು ದೂರಬೇಡಿ. ಮರುದಿನದ ಆಟಕ್ಕೆ ಹೋಗಿ.

3. ಬಳಸುವ ಮುನ್ನ

ಮೊದಲು ಸ್ವೆಟರ್. ಉತ್ಸವ ನಡೆಯುವುದು ಜುಲೈ ಕೊನೆಗೆ. ನಾವಿರುವ ಸ್ಯಾನ್ ರಮೋನಿನಲ್ಲಿ ಆಗ ರಾಯಚೂರಿನ ಬಿಸಿಲು. ಹತ್ತಿಯ ಸೀರೆ ಉಟ್ಟು ಬಾರ್ಟ್ ರೈಲು ಹತ್ತಿದ ಅತ್ತೆ, ಕ್ಯಾಸ್ಟ್ರೋ ನಿಲ್ದಾಣದ ಮೆಟ್ಟಿಲೇರಿ ಮೇಲೆ ಬರುವಷ್ಟರಲ್ಲಿ ಆಗುಂಬೆಯಲ್ಲಿದ್ದರು. ಶಾಂತಸಾಗರದ ಮಂಜು ಗುಡ್ಡ ಹತ್ತಿ ಊರಿಗಿಳಿಯುವ ಕಾಲ ಅದು. ಊರವರು ಆ ಮಂಜಿಗೆ ಕಾರ್ಲ್ ಎಂದು ಹೆಸರಿಟ್ಟು ಮುದ್ದು ಮಾಡುತ್ತಾರೆ. ಅತ್ತೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಎರಡನೆಯದು ಊಟ. ಕೋಷರ್ ಎಂಬ ಪದ ಕಂಡಲ್ಲೆಲ್ಲ ಸಸ್ಯಾಹಾರ ಎಂದು ತಿಳಿಯಬೇಡಿ. ಅವರ ಮಡಿಯಲ್ಲಿ ಹಾಲು ಮತ್ತು ಮಾಂಸ ಒಂದನ್ನೊಂದು ಮುಟ್ಟಬಾರದು: ಪಾತ್ರೆ ಬೇರೆ, ಚಮಚ ಬೇರೆ, ಕಟ್ಟುನಿಟ್ಟಿನ ಮನೆಗಳಲ್ಲಿ ತೊಳೆಯುವ ತೊಟ್ಟಿಯೂ ಬೇರೆ. ಇದನ್ನು ಹತ್ತು ನಿಮಿಷ ವಿವರಿಸಿದೆ. ಅತ್ತೆ ಕೇಳಿ ಮುಗಿಸಿ, "ಮುಸುರೆ ಅನ್ನು ಮತ್ತೆ! ಅದಕ್ಕೆ ಇಷ್ಟು ಪುರಾಣವೇ?" ಎಂದರು. ಪೊಟ್ಟಣದ ಮೇಲೆ 'ಪಾರ್ವೆ' ಎಂದಿದ್ದರೆ ಅದರಲ್ಲಿ ಹಾಲೂ ಇಲ್ಲ, ಮಾಂಸವೂ ಇಲ್ಲ. ಸಸ್ಯಾಹಾರಿ ಕನ್ನಡಿಗರು ಜಾರಿ ಬೀಳುವುದು ಇಲ್ಲೇ. ಅವರ ಲೆಕ್ಕದಲ್ಲಿ ಮೊಟ್ಟೆಯೂ ಪಾರ್ವೆ, ಮೀನೂ ಪಾರ್ವೆ. ಮನೆಯಿಂದ ಚಪಾತಿ ಸುರುಳಿ ಕಟ್ಟಿಕೊಂಡು ಹೋಗುವುದು ಉತ್ತಮ.

ಮೂರನೆಯದು ಮನೆಪಾಠ. ಒಂದೆರಡು ಹಳೆಯ ಚಿತ್ರಗಳನ್ನು ಸೋಫಾದ ಮೇಲೆ ಕೂತೇ ನೋಡಿಕೊಳ್ಳಿ. ನಾವು ನೋಡಿದ್ದು 'ಟೆವ್ಯಾ'. 1939ರಲ್ಲಿ, ಯುರೋಪಿನ ಆಕಾಶ ಕಪ್ಪಾಗುತ್ತಿದ್ದಾಗ, ಮೋರಿಸ್ ಶ್ವಾರ್ಟ್ಸ್ ಎಂಬ ನಾಟಕದವನು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಹೊಲದಲ್ಲಿ ಉಕ್ರೇನಿನ ಹಳ್ಳಿಯನ್ನು ಕಟ್ಟಿ, ತಾನೇ ಹಾಲು ಮಾರುವ ಟೆವ್ಯಾನಾಗಿ, ತಾನೇ ನಿರ್ದೇಶಿಸಿದ ಚಿತ್ರ. ಶೋಲೆಮ್ ಅಲೈಖೆಮ್ ಬರೆದ ಇದೇ ಕತೆಗಳಿಂದ ಮುಂದೆ 'ಫಿಡ್ಲರ್ ಆನ್ ದಿ ರೂಫ್' ಹುಟ್ಟಿತು. ಟೆವ್ಯಾನ ಮಗಳು ಖಾವಾ ಅನ್ಯಮತದ ಹುಡುಗನನ್ನು ಮದುವೆಯಾಗುತ್ತಾಳೆ. ಅಪ್ಪ ನೆಲಕ್ಕೆ ಕೂತು, ಬದುಕಿರುವ ಮಗಳಿಗೆ ಸೂತಕ ಆಚರಿಸುತ್ತಾನೆ.

ಅಲ್ಲಿಯವರೆಗೆ ಬೀನ್ಸ್ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಇದು ಘಟಶ್ರಾದ್ಧ ಅಲ್ವೇನೇ?"

ಅನಂತಮೂರ್ತಿಯವರ ಕತೆ, 1977ರ ಗಿರೀಶ ಕಾಸರವಳ್ಳಿಯವರ ಸಿನಿಮಾ. ಬದುಕಿರುವ ಯಮುನಕ್ಕನಿಗೆ ತಂದೆಯೇ ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುವುದನ್ನು ಅತ್ತೆ ಸಾಗರದ ಟಾಕೀಸಿನಲ್ಲಿ ನೋಡಿ, ಎರಡು ದಿನ ಯಾರೊಂದಿಗೂ ಮಾತಾಡಿರಲಿಲ್ಲವಂತೆ. ಬೀನ್ಸ್ ಹಾಗೇ ಉಳಿಯಿತು. ಟೆವ್ಯಾನ ಮಗಳು ಕೊನೆಗೆ ಗಂಡನನ್ನು ಬಿಟ್ಟು ಅಪ್ಪನ ಬಳಿ ಮರಳುತ್ತಾಳೆ. ಯಮುನಕ್ಕನಿಗೆ ಆ ಬಾಗಿಲೂ ಇರಲಿಲ್ಲ. ಅಂದಿನಿಂದ ಅತ್ತೆಗೆ ಇದು ಯಾರದೋ ಸಿನಿಮಾ ಆಗಿ ಉಳಿಯಲಿಲ್ಲ.

4. ಬಿಡಿಭಾಗಗಳ ಹೆಸರುಗಳು

ಶಿವಾ: ದೇವರಲ್ಲ. ಹೀಬ್ರೂ ಭಾಷೆಯಲ್ಲಿ ಏಳು ಎಂದರ್ಥ. ಸತ್ತವರ ಮನೆಯವರು ಏಳು ದಿನ ತಗ್ಗಿನ ಪೀಠದ ಮೇಲೆ ಕೂರುತ್ತಾರೆ. ಮನೆಯ ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ತೆರೆಯ ಮೇಲೆ 'ಶಿವಾ ಕೂರುತ್ತಿದ್ದಾರೆ' ಎಂಬ ಮಾತು ಬಂದಾಗ ಅತ್ತೆಯ ಹಾಗೆ ಕೈಮುಗಿಯಬೇಡಿ. ಮುಗಿದರೂ ನಷ್ಟವಿಲ್ಲ.

ಮಿನ್ಯಾನ್: ಸಾಮೂಹಿಕ ಪ್ರಾರ್ಥನೆಗೆ ಬೇಕಾದ 10 ಜನ. ಸಂಪ್ರದಾಯಸ್ಥರಲ್ಲಿ 10 ಗಂಡಸರೇ ಆಗಬೇಕು. ಒಂಬತ್ತು ಜನ ಮಹಾಪಂಡಿತರಿದ್ದರೂ ಸಾಲದು. ಹತ್ತನೆಯವನಾಗಿ ಬೀದಿಯ ದಡ್ಡ ಬಂದರೆ ಸಾಕು. ಎಷ್ಟೋ ಚಿತ್ರಗಳ ಕತೆ ಆ ಹತ್ತನೆಯವನ ಹುಡುಕಾಟವೇ.

ಷ್ಟೆಟ್ಲ್: ಪೂರ್ವ ಯುರೋಪಿನಲ್ಲಿ ಯೆಹೂದಿಗಳು ನೆಲೆಸಿದ್ದ ಸಣ್ಣ ಪೇಟೆ. ಈಗ ಸಿನಿಮಾದಲ್ಲಿ ಮಾತ್ರ ಇದೆ.

ಶ್ಲೆಮೀಲ್ ಮತ್ತು ಶ್ಲಿಮಾಜಲ್: ಪಂಕ್ತಿಯಲ್ಲಿ ಸಾರು ಬಡಿಸಲು ಬಂದು ಚೆಲ್ಲುವವನು ಶ್ಲೆಮೀಲ್. ಅದು ಯಾರ ಪಂಚೆಯ ಮೇಲೆ ಬಿತ್ತೋ ಅವನು ಶ್ಲಿಮಾಜಲ್. ನಮ್ಮ ಮದುವೆ ಮನೆಗಳಲ್ಲಿ ಇಬ್ಬರೂ ಇದ್ದಾರೆ, ಹೆಸರು ಮಾತ್ರ ಇರಲಿಲ್ಲ.

5. ಜೋಡಿಸುವ ವಿಧಾನ

ಬಳಕೆದಾರನನ್ನು ಸಾಲಿನ ಕೊನೆಗೆ ನಿಲ್ಲಿಸಿ. 2024ರಲ್ಲಿ ನವೀಕರಣಕ್ಕೆಂದು ಬಾಗಿಲು ಹಾಕುವವರೆಗೆ ಕ್ಯಾಸ್ಟ್ರೋ ಚಿತ್ರಮಂದಿರವೇ ಈ ಉತ್ಸವದ ತವರುಮನೆಯಾಗಿತ್ತು. ವಾಸ್ತುಶಿಲ್ಪಿ ಟಿಮೊಥಿ ಫ್ಲೂಗರ್ ವಿನ್ಯಾಸದಲ್ಲಿ 1922ರಲ್ಲಿ ಎದ್ದ ಅರಮನೆಯಂಥ ಟಾಕೀಸು ಅದು. ಚಿತ್ರಕ್ಕೆ ಮುನ್ನ ಆರ್ಗನ್ ನುಡಿಸುವ ಪದ್ಧತಿ ಅಲ್ಲಿತ್ತು. ನಾವು ಹೋದ ದಿನ ಸಾಲು ಮೂಲೆ ತಿರುಗಿತ್ತು.

ಬಾಗಿಲಲ್ಲಿ ಚೀಲ ತೆರೆದು ತೋರಿಸಿ. ಕಾವಲುಗಾರ ಚಪಾತಿ ಸುರುಳಿಯನ್ನು ಎರಡು ಸಲ ನೋಡಿದರೆ ಬೇಸರ ಬೇಡ. 2018ರಲ್ಲಿ ಪಿಟ್ಸ್‌ಬರ್ಗಿನ ಒಂದು ಪ್ರಾರ್ಥನಾಮಂದಿರಕ್ಕೆ ಶನಿವಾರದ ಬೆಳಗ್ಗೆ ಬಂದೂಕು ಹಿಡಿದು ನುಗ್ಗಿದವನು 11 ಜನರನ್ನು ಕೊಂದ. ಸಿನಿಮಾ ನೋಡಲು ಬರುವ ಅಜ್ಜ-ಅಜ್ಜಿಯರಿಗೂ ಕಾವಲು ಬೇಕು ಎಂಬುದು ಈ ಯಂತ್ರದ ಕಳಚಲಾಗದ ಭಾಗ.

ಸಾಲಿನಲ್ಲಿ ಮುಂದಿರುವ ಹಿರಿಯ ಮಹಿಳೆ ತಿರುಗಿ ನಿಮ್ಮನ್ನು ಮೂರು ಪ್ರಶ್ನೆ ಕೇಳುತ್ತಾರೆ: ಎಲ್ಲಿಯವರು, ಮಕ್ಕಳೆಷ್ಟು, ಮಗ ಡಾಕ್ಟರೋ ಎಂಜಿನಿಯರೋ. ಕನ್ನಡ ಕೂಟದ ಊಟದ ಸಾಲಿಗೆ ತಪ್ಪಿ ಬಂದೆವೇ ಎಂದು ಗಾಬರಿಯಾಗಬೇಡಿ. ಜೋಡಣೆ ಸರಿಯಾಗಿದೆ ಎಂಬುದಕ್ಕೆ ಇದೇ ಗುರುತು. ಅತ್ತೆ ಇಂಗ್ಲಿಷಿನಲ್ಲಿ, ಆಕೆ ಯಿದ್ದಿಷ್ ಬೆರೆತ ಇಂಗ್ಲಿಷಿನಲ್ಲಿ, ಇಬ್ಬರೂ ಸೊಸೆಯಂದಿರ ವಿಷಯಕ್ಕೆ ಬಂದರು. ನಾನು ಪಾಪ್‌ಕಾರ್ನ್ ತರಲು ಹೋದೆ.

6. ವೇಗಗಳು

ಈ ಯಂತ್ರಕ್ಕೆ ಮೂರು ವೇಗಗಳಿವೆ.

ವೇಗ 1, ಹಾಡು-ಕುಣಿತ. ಉದಾಹರಣೆಗೆ 'ಯಿದ್ಲ್ ಮಿಟ್ನ್ ಫಿಡ್ಲ್', 1936. ಮಾಲಿ ಪಿಕನ್ ಎಂಬ ಪುಟಾಣಿ ನಟಿ ಹುಡುಗನ ವೇಷ ಹಾಕಿ, ಅಪ್ಪನ ಜೊತೆ ಪಿಟೀಲು ನುಡಿಸುತ್ತ ಪೋಲೆಂಡಿನ ಊರೂರು ಅಲೆಯುತ್ತಾಳೆ. ನಗು, ಪ್ರೇಮ, ಮದುವೆ ಮನೆ, ಎಲ್ಲ ಇದೆ.

ಎಚ್ಚರಿಕೆ: ಇದರ ಚಿತ್ರೀಕರಣ ನಡೆದದ್ದು ಕಾಜಿಮಿಯೆಝ್ ಎಂಬ ನಿಜವಾದ ಊರಿನಲ್ಲಿ. ಗುಂಪಿನಲ್ಲಿ ಕಾಣುವ ಮುಖಗಳು ಅಲ್ಲಿಯ ನಿವಾಸಿಗಳವು. ಆರು ವರ್ಷದೊಳಗೆ, 1942ರಲ್ಲಿ, ಆ ಊರಿನ ಯೆಹೂದಿಗಳನ್ನೆಲ್ಲ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ನಟರ ಹಿಂದೆ ಬೇಲಿಗೊರಗಿ ನಗುವ ಹುಡುಗನನ್ನು ನೋಡುತ್ತೀರಿ. ಅವನಿಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ವೇಗ 1ರ ಗುಂಡಿ ಒತ್ತಿದರೂ ಯಂತ್ರ ತಾನಾಗಿ 3ಕ್ಕೆ ಜಾರುವುದು ಹೀಗೆ. ಇದನ್ನು ರಿಪೇರಿ ಮಾಡಲಾಗದು.

ವೇಗ 2, ಮನೆಯ ಜಗಳ. ಉದಾಹರಣೆಗೆ 'ಗೆಟ್', 2014. ರೋನಿತ್ ಎಲ್ಕಬೆಟ್ಸ್ ತಮ್ಮ ಶ್ಲೋಮಿಯ ಜೊತೆ ನಿರ್ದೇಶಿಸಿ, ತಾನೇ ವಿವಿಯನ್ ಆಗಿ ನಟಿಸಿದ ಚಿತ್ರ. ಇಸ್ರೇಲಿನ ಯೆಹೂದಿಗಳಿಗೆ ಮದುವೆ, ವಿಚ್ಛೇದನ ಎರಡೂ ಧಾರ್ಮಿಕ ನ್ಯಾಯಾಲಯದ ಕೈಯಲ್ಲಿವೆ. ಗಂಡ ಒಪ್ಪಿ ಬಿಡುಗಡೆ ಪತ್ರ ಕೊಡದಿದ್ದರೆ ಹೆಂಡತಿಗೆ ಬಿಡುಗಡೆಯಿಲ್ಲ. ಕ್ಯಾಮೆರಾ ನ್ಯಾಯಾಲಯದ ಕೋಣೆ, ಅದರ ಹೊರಗಿನ ಬೆಂಚು ಬಿಟ್ಟು ಕದಲುವುದಿಲ್ಲ. ಕತೆಯಲ್ಲಿ ಐದು ವರ್ಷ ಉರುಳುತ್ತವೆ. ತಮ್ಮ ಮನೆಯ ಈ ಹುಳುಕನ್ನು ದೊಡ್ಡ ಪರದೆಗೆ ಹಾಕಿ, ಪರವೂರಿನವರನ್ನೂ ಕರೆದು ತೋರಿಸುತ್ತಾರಲ್ಲ ಎಂಬುದು ನನ್ನನ್ನು ಬೆರಗಾಗಿಸಿದ್ದು. ನಮ್ಮ ಕೂಟಗಳ ವಾರ್ಷಿಕೋತ್ಸವದಲ್ಲಿ 'ಘಟಶ್ರಾದ್ಧ' ಹಾಕೋಣ ಎಂದು ಸಲಹೆ ಕೊಟ್ಟು ನೋಡಿ. "ಹಬ್ಬದ ದಿನ ಯಾಕಮ್ಮ ಅದೆಲ್ಲ, ಕಾಮಿಡಿ ಸ್ಕಿಟ್ ಇಡೋಣ" ಎನ್ನುತ್ತಾರೆ.

ವೇಗ 3. ಇಲ್ಲಿ ಮಿಕ್ಸಿ ಪುಸ್ತಕದ ಭಾಷೆ ಕೆಲಸಕ್ಕೆ ಬಾರದು. ಕ್ಲಾಡ್ ಲಾಂಜ್‌ಮನ್ 11 ವರ್ಷ ದುಡಿದು 1985ರಲ್ಲಿ ಮುಗಿಸಿದ 'ಶೋಆ', ಯೆಹೂದಿಗಳ ನರಮೇಧದ ಬಗೆಗಿನ ಒಂಬತ್ತೂವರೆ ತಾಸಿನ ಚಿತ್ರ. ಅದರಲ್ಲಿ ಹೆಣಗಳ ರಾಶಿ ಇಲ್ಲ, ಯುದ್ಧಕಾಲದ ಒಂದು ತುಣುಕೂ ಇಲ್ಲ. ಹುಲ್ಲು ಬೆಳೆದ ಬಯಲು, ರೈಲು ಹಳಿ, ಮಾತಾಡುವ ಮುಖ, ಅಷ್ಟೇ. ಟ್ರೆಬ್ಲಿಂಕಾ ಶಿಬಿರದಲ್ಲಿ, ಸಾವಿನ ಕೋಣೆಗೆ ಹೋಗುವ ಹೆಂಗಸರ ಕೂದಲು ಕತ್ತರಿಸಬೇಕಾಗಿದ್ದ ಕ್ಷೌರಿಕನೊಬ್ಬ, ಇಸ್ರೇಲಿನ ಕ್ಷೌರದಂಗಡಿಯಲ್ಲಿ ಒಬ್ಬನ ತಲೆಯ ಮೇಲೆ ಕತ್ತರಿ ಆಡಿಸುತ್ತ ಅದನ್ನು ಹೇಳುತ್ತಾನೆ. ಹೇಳುತ್ತ ಹೇಳುತ್ತ ನಿಲ್ಲಿಸುತ್ತಾನೆ. ಕತ್ತರಿಯ ಸದ್ದು ಮಾತ್ರ ಕೇಳುತ್ತದೆ. ಈ ವೇಗದಲ್ಲಿ ದಿನಕ್ಕೊಂದೇ ಚಿತ್ರ ನೋಡಿ. ನೋಡಿದ ಮೇಲೆ ಮನೆಗೆ ನಡೆದು ಹೋಗಿ.

7. ಯಂತ್ರದಿಂದ ಸದ್ದು ಬಂದರೆ

ಚಿತ್ರ ಮುಗಿದು ದೀಪ ಹತ್ತಿದಾಗ, ನಿರ್ದೇಶಕರ ಜೊತೆ ಮಾತುಕತೆ ಶುರುವಾದಾಗ, ಯಂತ್ರದಿಂದ ದೊಡ್ಡ ಸದ್ದು ಬರುತ್ತದೆ. ಇದು ದೋಷವಲ್ಲ. ಮೈಕ್ ಹಿಡಿದವರು ಪ್ರಶ್ನೆ ಎಂದು ಆರಂಭಿಸಿ ಭಾಷಣ ಮಾಡುತ್ತಾರೆ. ಮೂರನೆಯ ಸಾಲಿನವರು ಭಾಷಣವೆಂದು ಆಕ್ಷೇಪಿಸಿ ತಾವೊಂದು ಭಾಷಣ ಮಾಡುತ್ತಾರೆ.

ಅತಿ ದೊಡ್ಡ ಸದ್ದು ಬಂದದ್ದು 2009ರಲ್ಲಿ. ಗಾಜಾದಲ್ಲಿ ಮನೆ ಕೆಡವುವುದನ್ನು ತಡೆಯಲು ನಿಂತು, 2003ರಲ್ಲಿ ಇಸ್ರೇಲಿ ಸೇನೆಯ ಬುಲ್‌ಡೋಜರಿಗೆ ಸಿಕ್ಕಿ ಸತ್ತ ಅಮೆರಿಕದ ಯುವತಿ ರೇಚಲ್ ಕೋರಿ ಬಗ್ಗೆ ಸಿಮೋನ್ ಬಿಟೋನ್ ಮಾಡಿದ ಸಾಕ್ಷ್ಯಚಿತ್ರವನ್ನು ಉತ್ಸವ ಆಯ್ದುಕೊಂಡಿತು. ರೇಚಲ್‌ಳ ತಾಯಿಯನ್ನೂ ಆಹ್ವಾನಿಸಿತು. ಇದು ನಮ್ಮವರಿಗೆ ಬಗೆದ ದ್ರೋಹ ಎಂದವರಿದ್ದರು. ಇದನ್ನು ತೋರಿಸದಿದ್ದರೆ ಉತ್ಸವ ಯಾಕೆ ಬೇಕು ಎಂದವರಿದ್ದರು. ಕೊನೆಗೆ ಚಿತ್ರಕ್ಕೆ ಮುನ್ನ ವಿರೋಧಿಗಳ ಪರವಾಗಿ ಒಬ್ಬರಿಗೆ ಮಾತಾಡಲು ಅವಕಾಶ ಕೊಟ್ಟರು. ಕೂಗಾಟವಾಯಿತು, ಚಪ್ಪಾಳೆಯೂ ಆಯಿತು. ಚಿತ್ರ ತೆರೆಗೆ ಬಂತು. ಮರುವರ್ಷ ಉತ್ಸವವೂ ಬಂತು.

ಅವರೇ ಹೇಳಿಕೊಳ್ಳುವ ಹಳೆಯ ನಗೆಹನಿಯೊಂದಿದೆ. ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಯೆಹೂದಿಯನ್ನು ಹಡಗಿನವರು ಕಂಡಾಗ, ಅವನು ಅಲ್ಲಿ ಎರಡು ಪ್ರಾರ್ಥನಾಮಂದಿರ ಕಟ್ಟಿಕೊಂಡಿದ್ದನಂತೆ. ಒಬ್ಬನಿಗೆ ಎರಡೇಕೆ ಎಂದರೆ, "ಇದು ನಾನು ಹೋಗುವುದು. ಅದಿದೆಯಲ್ಲ, ಅದರ ಮೆಟ್ಟಿಲನ್ನೂ ತುಳಿಯುವವನಲ್ಲ ನಾನು" ಎಂದನಂತೆ. ಇದನ್ನು ಅನುವಾದಿಸಿ ಹೇಳಿದಾಗ ಅತ್ತೆ ನಗಲೇ ಇಲ್ಲ. "ನಮ್ಮೂರಲ್ಲಿ ಎರಡು ಗಣಪತಿ ಪೆಂಡಾಲು ಇರೋದು ಯಾಕೆ ಅಂದ್ಕೊಂಡೆ?" ಎಂದರು. ವ್ಯತ್ಯಾಸ ಇಷ್ಟೇ: ನಮಗೆ ಜಗಳವಾದರೆ ಹೊಸ ಪೆಂಡಾಲು ಏಳುತ್ತದೆ. ಇವರು ಒಂದೇ ಪೆಂಡಾಲಿನಲ್ಲಿ ಕೂತು ಜಗಳ ಮುಂದುವರಿಸುತ್ತಾರೆ.

8. ಭಾರತದ ವೋಲ್ಟೇಜಿಗೆ ಹೊಂದಿಸಿಕೊಳ್ಳುವುದು

ಅಮೆರಿಕದ ಯಂತ್ರ 120 ವೋಲ್ಟಿನದು, ನಮ್ಮದು 230. ನಡುವೆ ಅಡಾಪ್ಟರ್ ಬೇಕು. ಇದಕ್ಕೆ ಸಿದ್ಧ ಅಡಾಪ್ಟರ್ ಎಂದರೆ ಡ್ಯಾನಿ ಬೆನ್-ಮೋಷೆ ಮಾಡಿದ, ಇಂಥ ಉತ್ಸವಗಳಲ್ಲೆಲ್ಲ ಸುತ್ತಾಡಿದ, 2017ರ 'ಶಾಲೋಮ್ ಬಾಲಿವುಡ್'. ಅದರಲ್ಲಿರುವುದು ನಮ್ಮದೇ ಯೆಹೂದಿ ತಾರೆಯರ ಕತೆ. ಮೂಕಿ ಯುಗದ ರಾಣಿ ಸುಲೋಚನಾ ಎಂದರೆ ರೂಬಿ ಮೈಯರ್ಸ್. 1947ರ ಮಿಸ್ ಇಂಡಿಯಾ ಪ್ರಮೀಳಾ ಎಂದರೆ ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಖಳನಾಯಕಿ ನಾದಿರಾ ಎಂದರೆ ಫ್ಲಾರೆನ್ಸ್ ಎಜೆಕಿಯಲ್. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ಬರಬಾರದೆಂದಿದ್ದ ಕಾಲದಲ್ಲಿ ನಮ್ಮ ತೆರೆಗೆ ನಾಯಕಿಯರಾಗಿ ಬಂದವರು ಸುಲೋಚನಾರಂಥವರು. ಡ್ಯಾನಿಯೆಲೊವಿಚ್ ಡಗ್ಲಸ್ ಆದ ಕತೆಯೇ ಇಲ್ಲೂ, ದಿಕ್ಕು ಬೇರೆ.

ಅಡಾಪ್ಟರ್ ಸಿಗದಿದ್ದರೆ ಬರಿಗೈಯಲ್ಲೇ ತಂತಿ ಜೋಡಿಸಬಹುದು. ಮುಂಜಾನೆ ಆಕಾಶವಾಣಿ ತೆರೆದುಕೊಳ್ಳುವಾಗ ಬರುವ, ಹಾಸಿಗೆಯಲ್ಲಿದ್ದ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದ ಆ ಪಿಟೀಲಿನ ನಾದವನ್ನು ಹೊಸೆದವರೆಂದು ಹೆಸರಾದವರು ವಾಲ್ಟರ್ ಕಾಫ್‌ಮನ್. ಈಗ ಚೆಕ್ ದೇಶದಲ್ಲಿರುವ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿ, ಹಿಟ್ಲರನ ನೆರಳು ಚಾಚುತ್ತಿದ್ದಾಗ, 1934ರಲ್ಲಿ ಮುಂಬಯಿಗೆ ಬಂದ ಯೆಹೂದಿ. ಬರ್ಲಿನ್ನಿನಲ್ಲಿ ಕೆಲಸ ಕಳೆದುಕೊಂಡ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು ಅವರವು. ಅತ್ತೆಯ ತಮ್ಮ ಅಲ್ಲಿ ಓದಿದವರು. "ಹೋಗ್ಲಿ ಬಿಡು, ನಮ್ಮನೆಯವರೇ ಅಂತಾಯ್ತು" ಎಂದು ಅತ್ತೆ ಲೆಕ್ಕ ಮುಗಿಸಿದರು.

9. ತೊಂದರೆಗಳು ಮತ್ತು ಪರಿಹಾರ

ತೊಂದರೆ: ಅಡಿಬರಹ ಓದುವಷ್ಟರಲ್ಲಿ ಮಾಯವಾಗುತ್ತದೆ. ಪರಿಹಾರ: ಬಿಟ್ಟುಬಿಡಿ. ತಾಯಿ ಮಾತಾಡುತ್ತಿದ್ದರೆ ಊಟದ ವಿಷಯ, ತಂದೆ ಸುಮ್ಮನಿದ್ದರೆ ಮದುವೆಯ ವಿಷಯ.

ತೊಂದರೆ: ಎಲ್ಲರೂ ನಕ್ಕು ಮುಗಿಸಿದ ಮೇಲೆ ನಿಮಗೆ ನಗು ಬರುತ್ತದೆ. ಪರಿಹಾರ: ಸಹಜ. ಎರಡನೆಯ ಚಿತ್ರಕ್ಕೆ ಸರಿಹೋಗುತ್ತದೆ.

ತೊಂದರೆ: ಚಿತ್ರದಲ್ಲಿ ಎಲ್ಲರೂ ನಗುತ್ತಿರುವಾಗ ನಿಮಗೆ ಅಳು ಬರುತ್ತದೆ. ಪರಿಹಾರ: ಸೂಚನೆ 6, ವೇಗ 1 ನೋಡಿ.

ತೊಂದರೆ: ಅತ್ತೆ ಕಾಣುತ್ತಿಲ್ಲ. ಪರಿಹಾರ: ಸಾಲಿನಲ್ಲಿ ಸಿಕ್ಕ ಆ ಹಿರಿಯ ಮಹಿಳೆಯ ಪಕ್ಕದ ಕುರ್ಚಿಯಲ್ಲಿ ಹುಡುಕಿ. ಚಪಾತಿ ಸುರುಳಿಯೂ ಅಲ್ಲೇ ಇರುತ್ತದೆ.

10. ಶೇಖರಿಸಿಡುವ ವಿಧಾನ

ತಂಪಾದ, ಒಣಗಿದ ಜಾಗದಲ್ಲಿಡಿ. ಇದನ್ನು ಹಗುರವಾಗಿ ತೆಗೆದುಕೊಂಡವರು ಕೆಟ್ಟಿದ್ದಾರೆ.

1924ರಲ್ಲಿ ವಿಯೆನ್ನಾದಲ್ಲಿ 'ಯೆಹೂದಿಗಳಿಲ್ಲದ ಊರು' ಎಂಬ ಮೂಕಿ ಚಿತ್ರ ತಯಾರಾಯಿತು. ಒಂದು ನಗರ ತನ್ನ ಯೆಹೂದಿಗಳನ್ನೆಲ್ಲ ರೈಲು ಹತ್ತಿಸಿ ಓಡಿಸುತ್ತದೆ, ಆಮೇಲೆ ವ್ಯಾಪಾರ, ನಾಟಕ, ಕಾಫಿ ಅಂಗಡಿ ಎಲ್ಲ ಸೊರಗಿ, ಮರಳಿ ಬನ್ನಿ ಎಂದು ಕರೆಯುತ್ತದೆ. ಅಂದಿಗೆ ಅದು ವಿಡಂಬನೆ. ಮೂಲ ಕಾದಂಬರಿ ಬರೆದ ಹ್ಯೂಗೊ ಬೆಟ್ಟಾವರ್‌ನನ್ನು 1925ರಲ್ಲಿ ನಾಜಿ ಮನಸ್ಸಿನ ಯುವಕ ಗುಂಡಿಟ್ಟು ಕೊಂದ. ಚಿತ್ರದ ಪೂರ್ತಿ ಪ್ರತಿ ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, 2015ರಲ್ಲಿ ಪ್ಯಾರಿಸ್ಸಿನ ಗುಜರಿ ಸಂತೆಯಲ್ಲಿ ಒಂದು ಡಬ್ಬ ಸಿಕ್ಕಿತು. ಆಸ್ಟ್ರಿಯಾದ ಜನ ಚಂದಾ ಎತ್ತಿ ಅದನ್ನು ತೊಳೆದು, ತೇಪೆ ಹಾಕಿ, 2018ರಲ್ಲಿ ಮತ್ತೆ ಓಡಿಸಿದರು.

ಯುದ್ಧಕ್ಕೆ ಮುನ್ನ ಒಂದು ಕೋಟಿಗೂ ಹೆಚ್ಚು ಜನ ಯಿದ್ದಿಷ್ ಮಾತಾಡುತ್ತಿದ್ದರು. ಮಾತಾಡುವವರನ್ನೇ ಕೊಂದ ಮೇಲೆ ಆ ಭಾಷೆಯ ಸಿನಿಮಾ ಡಬ್ಬಗಳಿಗೆ ವಾರಸುದಾರರು ಯಾರು? 1976ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಯೆಹೂದಿ ಚಿತ್ರಗಳ ರಾಷ್ಟ್ರೀಯ ಕೇಂದ್ರ ಆರಂಭವಾಗಿ, ಆ ಡಬ್ಬಗಳನ್ನು ಹುಡುಕಿ ಹುಡುಕಿ ತಂದು ಉಳಿಸಿಕೊಂಡಿತು. ಉತ್ಸವ ಎಂದರೆ ಇದೇ: ವರ್ಷಕ್ಕೊಮ್ಮೆ ಅಟ್ಟ ಹತ್ತುವುದು, ಟ್ರಂಕುಗಳನ್ನು ಕೆಳಗಿಳಿಸುವುದು, ಒಳಗಿದ್ದದ್ದು ಅಜ್ಜನ ಪದಕವಾದರೂ ಅಜ್ಜನ ಸಾಲದ ಪತ್ರವಾದರೂ ಅಂಗಳದಲ್ಲಿ ಹರವುವುದು, ಹರವಿ ಜಗಳಾಡುವುದು.

ನಮ್ಮ ಅಟ್ಟ? ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನಾ'. ಅದರ ಒಂದೇ ಒಂದು ಪ್ರತಿಯೂ ಉಳಿದಿಲ್ಲ. ಯಾರೂ ಕೊಳ್ಳೆ ಹೊಡೆಯಲಿಲ್ಲ, ಯಾರೂ ಸುಡಲಿಲ್ಲ, ಊರಿನಿಂದ ನಮ್ಮನ್ನು ಯಾರೂ ರೈಲು ಹತ್ತಿಸಲಿಲ್ಲ. ಸುಮ್ಮನೆ ಕಳೆದುಕೊಂಡೆವು. 'ಘಟಶ್ರಾದ್ಧ'ದ್ದು ಅದೃಷ್ಟ: ಪುಣೆಯ ಸಂಗ್ರಹಾಲಯದಲ್ಲಿ ನೆಗೆಟಿವ್ ಉಳಿದಿತ್ತು. ಅದನ್ನು ನವೀಕರಿಸಿ 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದರು. ಹಣ ಕೊಟ್ಟದ್ದು 'ಸ್ಟಾರ್ ವಾರ್ಸ್' ಖ್ಯಾತಿಯ ಜಾರ್ಜ್ ಲ್ಯೂಕಸ್ ದಂಪತಿಯ ಪ್ರತಿಷ್ಠಾನ. ಯಮುನಕ್ಕನ ಖರ್ಚನ್ನು ನಕ್ಷತ್ರಯುದ್ಧದವರು ನೋಡಿಕೊಂಡರು.

11. ಖಾತರಿ

ಯೆಹೂದಿಗಳಲ್ಲಿ ಒಂದು ಪದ್ಧತಿ ಇದೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯುವಂತಿಲ್ಲ. ಅದನ್ನು ಪ್ರಾರ್ಥನಾಮಂದಿರದ ಗೆನಿಜಾ ಎಂಬ ಕೋಣೆಗೆ ಹಾಕುತ್ತಾರೆ. ಹಳೆ ಕೈರೋದ ಬೆನ್ ಎಜ್ರಾ ಮಂದಿರದವರು ಸುಮಾರು ಸಾವಿರ ವರ್ಷ ಹೀಗೆ ಹಾಕುತ್ತ ಹೋದರು: ಪ್ರಾರ್ಥನೆ, ವ್ಯಾಜ್ಯ, ಲಗ್ನಪತ್ರ, ಅಂಗಡಿ ಲೆಕ್ಕ. ಎಲ್ಲ ಸೇರಿ ಮೂರು ಲಕ್ಷ ತುಣುಕುಗಳಿಗೂ ಮಿಕ್ಕು.

ಅವುಗಳ ನಡುವೆ ನಮ್ಮ ಮಂಗಳೂರು ಇದೆ. 1132ರ ಹೊತ್ತಿಗೆ ಅಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಕಾಗದಗಳು. ಅವನು ಹಿತ್ತಾಳೆ ಎರಕದ ಕಾರ್ಖಾನೆ ನಡೆಸುತ್ತಿದ್ದ. ಅಶು ಎಂಬ ಸ್ಥಳೀಯ ಹೆಣ್ಣನ್ನು ದಾಸ್ಯದಿಂದ ಬಿಡಿಸಿ ಸಂಸಾರ ಹೂಡಿದ್ದ. ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕೆಂದು ಏಡನ್ನಿಗೆ ಕಳಿಸುತ್ತಿದ್ದ. ಅಡಿಕೆ, ಮೆಣಸು ಅತ್ತ ಹೋಗುತ್ತಿದ್ದವು. ಸಕ್ಕರೆ, ಒಣದ್ರಾಕ್ಷಿ, ಕಾಗದ ಇತ್ತ ಬರುತ್ತಿದ್ದವು. ಕಾಗದ ದುಬಾರಿ. ಹಾಗಾಗಿ ಬಂದ ಪತ್ರಗಳ ಬೆನ್ನಿನ ಮೇಲೇ ಲೆಕ್ಕ ಗೀಚುತ್ತಿದ್ದ. ಅಮಿತಾವ್ ಘೋಷ್ 1992ರ 'ಇನ್ ಆನ್ ಆಂಟೀಕ್ ಲ್ಯಾಂಡ್'ನಲ್ಲಿ ಆ ಬೊಮ್ಮನ ಬೆನ್ನು ಹತ್ತಿ ತುಳುನಾಡಿಗೆ ಬಂದರು. ಅಂದಿನ ನಮ್ಮ ಅರಸರ ಬಿರುದುಗಳು ಕಲ್ಲಿನ ಮೇಲಿವೆ. ಒಬ್ಬ ಆಳಿನ ಹೆಸರು ಉಳಿದದ್ದು, ಎರಡು ಸಮುದ್ರದಾಚೆ ಯಾರೋ ಚೀಟಿ ಎಸೆಯಲಿಲ್ಲವೆಂಬ ಕಾರಣಕ್ಕೆ.

ಉತ್ಸವದ ಕಾರ್ಯಕ್ರಮ ಪುಸ್ತಿಕೆ ನಮ್ಮ ಫ್ರಿಜ್ಜಿನ ಮೇಲಿತ್ತು. ಅತ್ತೆ ಊರಿಗೆ ಹೊರಟ ವಾರ ಮನೆ ಒಪ್ಪ ಮಾಡುತ್ತ ಅದನ್ನು ಮರುಬಳಕೆಯ ಬುಟ್ಟಿಗೆ ಹಾಕಲು ಎತ್ತಿಕೊಂಡೆ. ಹಿಂದಿನ ಪುಟದ ಖಾಲಿ ಜಾಗದಲ್ಲಿ, ಇಂಡಿಯನ್ ಅಂಗಡಿಗೆಂದು, ಅತ್ತೆಯ ದುಂಡು ಅಕ್ಷರ: ಹುರಿಗಡಲೆ 1, ಹುಣಸೆಹಣ್ಣು, ಕರಿಬೇವು (ತಾಜಾ ಇದ್ದರೆ ಮಾತ್ರ). ಅದರ ಕೆಳಗೆ ಸಾಲಿನಲ್ಲಿ ಸಿಕ್ಕ ಆ ಮಹಿಳೆಯ ಫೋನ್ ನಂಬರು. ಅದರ ಪಕ್ಕ, ಮರೆಯಬಾರದೆಂದು, ಕನ್ನಡದಲ್ಲಿ: ಶ್ಲೆಮೀಲ್, ಚೆಲ್ಲುವವನು.

ಎತ್ತಿಕೊಂಡದ್ದನ್ನು ಮತ್ತೆ ಫ್ರಿಜ್ಜಿನ ಮೇಲಿಟ್ಟೆ.